ಮಿನಾ ಹಬ್ಬರ್ಡ್ ದೋಣಿ ಹತ್ತಿದ ಊರಿಗೆ

ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಎಂಬುದು ಕೆನಡಾದ ಒಂದೇ ಪ್ರಾಂತ್ಯದ ಹೆಸರಾದರೂ ಅದರೊಳಗಿರುವುದು ಎರಡು ಬೇರೆ ಬೇರೆ ನಾಡು. ಮೊದಲನೆಯದು ದ್ವೀಪ, ಪ್ರಾಂತ್ಯದ ಬಹುಪಾಲು ಜನ ಇರುವುದು ಅಲ್ಲಿಯೇ. ಎರಡನೆಯದು ಮುಖ್ಯಭೂಮಿಗೆ ಅಂಟಿಕೊಂಡಿರುವ, ವಿಸ್ತೀರ್ಣದಲ್ಲಿ ಕರ್ನಾಟಕದ ಒಂದೂವರೆ ಪಟ್ಟು ಇದ್ದರೂ ಮೂವತ್ತು ಸಾವಿರ ಜನರೂ ಇಲ್ಲದ, ಕಾಡು, ಕೆರೆ ಮತ್ತು ಬಂಡೆಗಳ ಪ್ರದೇಶ. 2022ರಲ್ಲಿ ಈ ಪ್ರಾಂತ್ಯದ ಸರ್ಕಾರ ನರ್ಸುಗಳನ್ನು ಹುಡುಕಿಕೊಂಡು ಬೆಂಗಳೂರಿನ ತನಕ ಬಂದಿತ್ತು. ಹಾಗೆ ಇಲ್ಲಿಗೆ ಬಂದು ಸೇರಿದವರಲ್ಲಿ ಸಾಗರ ತಾಲ್ಲೂಕಿನ ನಾನೂ ಒಬ್ಬಳು. ದ್ವೀಪದಲ್ಲಿರುವ ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ ನಮ್ಮ ವಾರ್ಡಿನಲ್ಲಿದ್ದ ಲ್ಯಾಬ್ರಡಾರ್‌ನ ಹಿರಿಯ ರೋಗಿಯೊಬ್ಬರು ಒಂದು ರಾತ್ರಿ ಪಾಳಿಯಲ್ಲಿ, ನಾನು ಅವರ ಜ್ವರದ ಲೆಕ್ಕ ಬರೆದುಕೊಳ್ಳುತ್ತಿದ್ದುದನ್ನು ನೋಡಿ, “ನಮ್ಮ ನದಿಗೆ ಮೊದಲು ಸರಿಯಾದ ನಕ್ಷೆ ಬರೆದವಳೂ ನಿನ್ನಂತೆ ನರ್ಸೇ” ಎಂದಿದ್ದರು. ಆ ಮಾತಿನ ಬೆನ್ನು ಹತ್ತಿ ಸಿಕ್ಕಿದ ಹೆಸರು ಮಿನಾ ಬೆನ್ಸನ್ ಹಬ್ಬರ್ಡ್.

ಆಕೆ ಹುಟ್ಟಿದ್ದು 1870ರಲ್ಲಿ, ಒಂಟಾರಿಯೋದ ಒಂದು ಕೃಷಿಕ ಕುಟುಂಬದಲ್ಲಿ. ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋಗಿ ನರ್ಸಿಂಗ್ ಕಲಿತಳು. ಟೈಫಾಯಿಡ್ ಆಗಿ ಆಸ್ಪತ್ರೆ ಸೇರಿದ್ದ ಲಿಯೊನಿಡಸ್ ಹಬ್ಬರ್ಡ್ ಎಂಬ ಯುವ ಪತ್ರಕರ್ತನನ್ನು ಶುಶ್ರೂಷೆ ಮಾಡಿದಳು, 1901ರಲ್ಲಿ ಅವನನ್ನೇ ಮದುವೆಯಾದಳು. ಎರಡು ವರ್ಷಗಳ ಬಳಿಕ ಅವನು ಲ್ಯಾಬ್ರಡಾರ್‌ನ ಒಳನಾಡನ್ನು ದಾಟುತ್ತೇನೆಂದು ಹೊರಟು, ದಾರಿ ತಪ್ಪಿ, ಹಸಿವಿನಿಂದ ಡೇರೆಯಲ್ಲಿ ಸತ್ತುಹೋದ. ಅವನು ಮುಗಿಸದ ದಾರಿಯನ್ನು 1905ರಲ್ಲಿ ಆಕೆ ತಾನೇ ಮುಗಿಸಿದಳು. ಆ ಪಯಣದ ಪುಸ್ತಕ 1908ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಈ ಆಗಸ್ಟಿನಲ್ಲಿ ನನ್ನ ಪತಿ, ಐದನೇ ತರಗತಿಯ ಮಗಳು ಮತ್ತು ನಾನು ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಲ್ಯಾಬ್ರಡಾರ್ ನೋಡಿಬಂದೆವು.

ಶುಕ್ರವಾರ: ಗೂಸ್ ಬೇ

ವಿಮಾನ ನಮ್ಮನ್ನು ಸರಿಯಾದ ಹೊತ್ತಿಗೆ ಇಳಿಸಿತು. ಪೆಟ್ಟಿಗೆಗಳಲ್ಲಿ ಒಂದನ್ನು ಮಾತ್ರ ಮರುದಿನಕ್ಕೆ ಉಳಿಸಿಕೊಂಡಿತು. ಮೂವರ ಬೆಚ್ಚನೆಯ ಬಟ್ಟೆಗಳೂ ಅದರಲ್ಲಿಯೇ ಇದ್ದವು. ಆಗಸ್ಟ್ ತಿಂಗಳಾದರೂ ಇಲ್ಲಿ ಸಂಜೆಯ ಗಾಳಿಗೆ ಸ್ವೆಟರ್ ಬೇಕೇ ಬೇಕು, ಆದ್ದರಿಂದ ಒಂದೊಂದನ್ನಾದರೂ ಕೈಚೀಲದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಹ್ಯಾಪಿ ವ್ಯಾಲಿ–ಗೂಸ್ ಬೇ ಎಂಬ ಈ ಜೋಡಿ ಹೆಸರಿನ ಪಟ್ಟಣ ಎರಡನೇ ಮಹಾಯುದ್ಧದ ಕೂಸು. 1941ರಲ್ಲಿ ಇಲ್ಲಿ ವಾಯುನೆಲೆ ಕಟ್ಟತೊಡಗಿದಾಗ ಕರಾವಳಿಯ ಹಳ್ಳಿಗಳಿಂದ ಕೂಲಿಗೆ ಬಂದ ಕುಟುಂಬಗಳು ನೆಲೆಯ ಹೊರಗೆ ನದಿಯ ಬದಿಯಲ್ಲಿ ಕಟ್ಟಿಕೊಂಡ ಮನೆಗಳೇ ಹ್ಯಾಪಿ ವ್ಯಾಲಿ. ಊರು ನೋಡಲು ಅಂಥ ಚೆಲುವಿನದೇನಲ್ಲ. ಅಗಲವಾದ ರಸ್ತೆಗಳು, ಅವುಗಳ ಬದಿಗೆ ಮರಳು, ಮರಳಿನಲ್ಲಿಯೂ ಹಟದಿಂದ ಅರಳಿ ನಿಂತ ನೇರಳೆ ಬಣ್ಣದ ಫೈರ್‌ವೀಡ್ ಹೂಗಳು, ಹಿಂದೆ ಕಪ್ಪು ಹಸಿರಿನ ಸ್ಪ್ರೂಸ್ ಕಾಡು. ಅಂಗಡಿಯೊಂದರಲ್ಲಿ ಮುಖಕ್ಕೂ ಬಲೆಯಿರುವ ನುಸಿ ಅಂಗಿಗಳನ್ನು ಕೊಂಡೆವು. ಬೆಲೆ ಕೇಳಿ ನನ್ನ ಪತಿ ಹಿಂಜರಿದಾಗ, ಗಲ್ಲೆಯಲ್ಲಿದ್ದ ಹುಡುಗಿ ನಗುತ್ತಾ, “ಇವತ್ತು ಬೇಡ ಅಂದವರು ನಾಳೆ ಬಂದು ಎರಡೆರಡು ಒಯ್ಯುತ್ತಾರೆ” ಎಂದಳು. ರಾತ್ರಿಯ ಊಟಕ್ಕೆ ಹುರಿದ ಟ್ರೌಟ್ ಮೀನು, ಅದರ ಮೇಲೆ ಬೇಕ್‌ಆಪಲ್ ಎಂಬ ಜೌಗುನೆಲದ ಹಳದಿ ಹಣ್ಣಿನ ಗೊಜ್ಜು ಇತ್ತು. ಹೆಸರಿನಲ್ಲಿ ಸೇಬಿದ್ದರೂ ಇದಕ್ಕೂ ಸೇಬಿಗೂ ಸಂಬಂಧವಿಲ್ಲ. ಹುಳಿಯೂ ಜೇನಿನ ಒಗರೂ ಬೆರೆತ ರುಚಿ. ಮೀನು ತಿನ್ನದ ಮಗಳು ಗೊಜ್ಜನ್ನು ಬರಿ ಬ್ರೆಡ್ಡಿಗೆ ಹಚ್ಚಿಕೊಂಡು ಮುಗಿಸಿದಳು.

ಶನಿವಾರ: ನಾರ್ತ್ ವೆಸ್ಟ್ ರಿವರ್

ಗೂಸ್ ಬೇಯಿಂದ ಅರ್ಧ ಗಂಟೆಯ ದಾರಿಯಲ್ಲಿ ರಸ್ತೆ ಮುಗಿಯುತ್ತದೆ. ಮುಗಿಯುವಲ್ಲಿ ಒಂದು ನದಿ, ನದಿಯ ಈಚೆ ದಡದಲ್ಲಿ ‘ಇನ್ನು’ ಎಂಬ ಆದಿವಾಸಿ ಜನರ ಊರು ಶೆಶಾಶೀ, ಸೇತುವೆ ದಾಟಿದರೆ ನಾರ್ತ್ ವೆಸ್ಟ್ ರಿವರ್. ಗ್ರ್ಯಾಂಡ್ ಲೇಕ್ ಎಂಬ ಉದ್ದನೆಯ ಸರೋವರದ ನೀರು ಇಲ್ಲಿ ಮೆಲ್ವಿಲ್ ಎಂಬ ಉಪ್ಪುನೀರಿನ ಕೊಲ್ಲಿಗೆ ಸೇರುತ್ತದೆ. ಆಚೆ ದಿಗಂತದಲ್ಲಿ ಮೀಲಿ ಪರ್ವತಗಳ ನೀಲಿ ಸಾಲು. ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿ 1923ರಲ್ಲಿ ಕಟ್ಟಿದ ಮರದ ಅಂಗಡಿಯೇ ಈಗ ಇಲ್ಲಿನ ವಸ್ತುಸಂಗ್ರಹಾಲಯ. ತುಪ್ಪಳ ಒಣಗಿಸುವ ಚೌಕಟ್ಟುಗಳು, ಬೋನುಗಳು, ಹಿಮದ ಮೇಲೆ ನಡೆಯುವ ಬಲೆಹೆಣಿಗೆಯ ಪಾದರಕ್ಷೆಗಳು, ಲೆಕ್ಕದ ಪುಸ್ತಕಗಳು ಎಲ್ಲವೂ ನಿನ್ನೆ ತಾನೇ ಯಾರೋ ಇಟ್ಟುಹೋದಂತೆ ಇವೆ.

ಇಲ್ಲಿಂದಲೇ 1905ರ ಜೂನ್ 27ರಂದು ಮಿನಾ ಹೊರಟದ್ದು. ಜೊತೆಗೆ ನಾಲ್ವರು ಗಂಡಸರು ಮತ್ತು ಹತ್ತೊಂಬತ್ತು ಅಡಿ ಉದ್ದದ ಎರಡು ಕ್ಯಾನ್ವಾಸ್ ದೋಣಿಗಳು. ತಂಡದ ಹಿರಿಯ ಜಾರ್ಜ್ ಎಲ್ಸನ್, ಕ್ರೀ ಎಂಬ ಆದಿವಾಸಿ ಸಮುದಾಯದ ತಾಯಿ ಮತ್ತು ಸ್ಕಾಟಿಷ್ ತಂದೆಯ ಮಗ. ಎರಡು ವರ್ಷಗಳ ಹಿಂದೆ ಲಿಯೊನಿಡಸ್‌ನ ಜೊತೆಗಿದ್ದು, ಅವನನ್ನು ಡೇರೆಯಲ್ಲಿ ಬಿಟ್ಟು ಸಹಾಯ ತರಲು ಓಡಿದವನೂ ಇವನೇ. ಉಳಿದವರು ಜೋಬ್ ಚೇಪೀಸ್, ಜೋಸೆಫ್ ಇಸೆರ್‌ಹಾಫ್ ಮತ್ತು ಈ ಊರಿನ ಹುಡುಗ ಗಿಲ್ಬರ್ಟ್ ಬ್ಲೇಕ್. ಅದೇ ದಿನ ಇದೇ ಊರಿನಿಂದ ಇನ್ನೊಂದು ತಂಡವೂ ಹೊರಟಿತ್ತು. ಲಿಯೊನಿಡಸ್‌ನ ಗೆಳೆಯನೂ ಮೊದಲ ಪಯಣದಲ್ಲಿ ಬದುಕುಳಿದವನೂ ಆದ ಡಿಲನ್ ವ್ಯಾಲೇಸ್ ಅದರ ನಾಯಕ. ಮೊದಲ ದುರಂತದ ಬಗ್ಗೆ ವ್ಯಾಲೇಸ್ ಬರೆದ ಪುಸ್ತಕ ತನ್ನ ಗಂಡನನ್ನು ದುರ್ಬಲನಂತೆ ತೋರಿಸಿದೆ ಎಂಬುದು ಮಿನಾಳ ಸಿಟ್ಟು. ಪತ್ರಿಕೆಗಳಿಗೆ ಇದೊಂದು ಪಂದ್ಯವಾಗಿ ಕಂಡಿತು. ಮಿನಾಳೇ ಮೊದಲು ಮುಟ್ಟಿದಳು. ಆಗಸ್ಟ್ 27ರಂದು ಅಂಗಾವಾ ಕೊಲ್ಲಿಯ ಬಳಿಯ ಜಾರ್ಜ್ ರಿವರ್ ಎಂಬ ತುಪ್ಪಳ ವ್ಯಾಪಾರದ ಠಾಣೆಯನ್ನು ಆಕೆ ತಲುಪಿದಾಗ ವ್ಯಾಲೇಸ್ ಇನ್ನೂ ಕಾಡಿನಲ್ಲಿಯೇ ಇದ್ದ. ಅವನು ಬಂದದ್ದು ಅಕ್ಟೋಬರ್ ನಡುವಿನಲ್ಲಿ. ಸ್ವಾರಸ್ಯವೆಂದರೆ ತನ್ನ ಪಯಣದ ಕಥನದಲ್ಲಿ ಆಕೆ ಈ ಪೈಪೋಟಿಯ ಸುದ್ದಿಯನ್ನೇ ಎತ್ತುವುದಿಲ್ಲ. ಗಂಡನ ಡೈರಿಯನ್ನೂ ಜಾರ್ಜ್ ಎಲ್ಸನ್‌ನ ಹೇಳಿಕೆಯನ್ನೂ ಪುಸ್ತಕಕ್ಕೆ ಸೇರಿಸಿ ಸುಮ್ಮನಾಗುತ್ತಾಳೆ. ವಾದ ಮಾಡುವ ಬದಲು ದಾಖಲೆಯನ್ನು ಮುಂದಿಡುವುದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ.

ಸಂಗ್ರಹಾಲಯದಲ್ಲಿದ್ದ ಹಿರಿಯ ಮಹಿಳೆಯೊಬ್ಬರಿಗೆ ನಾನು ನರ್ಸ್ ಎಂದು ತಿಳಿದದ್ದೇ ತಡ, ಇನ್ನೊಬ್ಬ ಮಿನಾಳ ಕಥೆ ಶುರುವಾಯಿತು. 1912ರಲ್ಲಿ, ಇಲ್ಲಿ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಗ್ರೆನ್‌ಫೆಲ್ ಮಿಷನ್ನಿನ ವೈದ್ಯರಾಗಿ ಹ್ಯಾರಿ ಪ್ಯಾಡನ್ ಈ ಭಾಗಕ್ಕೆ ಬಂದರು; ಅವರ ಪತ್ನಿ ಮಿನಾ ಪ್ಯಾಡನ್ ನರ್ಸ್. ಪತಿ 1939ರಲ್ಲಿ ತೀರಿಕೊಂಡಾಗ ಯುದ್ಧದ ಕಾಲ, ಬದಲಿ ವೈದ್ಯರು ಸಿಗುವಂತಿರಲಿಲ್ಲ; ಆಸ್ಪತ್ರೆಯನ್ನು ನಡೆಸಿಕೊಂಡು ಹೋದವರು ಈಕೆಯೇ. “ಆಗ ಸೇತುವೆ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ದೋಣಿ, ಆಮೇಲೆ ತಂತಿಗೆ ನೇತುಹಾಕಿದ ಡಬ್ಬಿ. ನದಿ ಹೆಪ್ಪುಗಟ್ಟುವ ವಾರಗಳಲ್ಲಿ ಆಚೆಯವರು ಆಚೆ, ಈಚೆಯವರು ಈಚೆ. ಹೆರಿಗೆ ಮಾತ್ರ ನಿಲ್ಲುತ್ತಿರಲಿಲ್ಲ” ಎಂದರು ಅವರು. ನಾಳೆ ಗ್ರ್ಯಾಂಡ್ ಲೇಕಿಗೆ ಕರೆದೊಯ್ಯಬಲ್ಲ ದೋಣಿಯವನ ಫೋನ್ ನಂಬರನ್ನೂ ಅವರೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಇಂಥ ಊರುಗಳಲ್ಲಿ ಪ್ರವಾಸದ ಏರ್ಪಾಡುಗಳೆಲ್ಲ ಆಗುವುದು ಹೀಗೆಯೇ.

ಮಧ್ಯಾಹ್ನದ ಮೇಲೆ ಸೇತುವೆಯ ಕೆಳಗೆ ಮೊಮ್ಮಗನಿಗೆ ಗಾಳ ಹಾಕುವುದನ್ನು ಕಲಿಸುತ್ತಿದ್ದ ಇನ್ನು ಅಜ್ಜಿಯೊಬ್ಬರು ಬ್ಯಾನಕ್ ರೊಟ್ಟಿಯ ತುಂಡನ್ನು ಮಗಳ ಕೈಗಿಟ್ಟರು. ಬದಲಿಗೆ ನಾವು ಕೊಟ್ಟ ಒಗ್ಗರಣೆ ಅವಲಕ್ಕಿಯನ್ನು ಬಾಯಿಗೆ ಹಾಕಿಕೊಂಡು ಮೆಣಸಿನ ಖಾರಕ್ಕೆ ಕಣ್ಣರಳಿಸಿದರೂ ಮುಗಿಸಿಯೇ ಬಿಟ್ಟರು. ಶೆಶಾಶೀಯ ಎಲಿಜಬೆತ್ ಪೆನಾಶುಯಿ ಅವರ ಬಗ್ಗೆ ಕೇಳಿದೆ. ಒಂಬತ್ತು ಮಕ್ಕಳ ತಾಯಿಯಾದ ಅವರು 1980ರ ದಶಕದಲ್ಲಿ, ಬೇಟೆಯ ಬಿಡಾರಗಳ ನೆತ್ತಿಯ ಮೇಲೆಯೇ ಯುದ್ಧವಿಮಾನಗಳು ತರಬೇತಿಗಾಗಿ ಕೆಳಮಟ್ಟದಲ್ಲಿ ಹಾರುವುದನ್ನು ವಿರೋಧಿಸಿ ಜೈಲು ಸೇರಿದವರು. ಆ ಹೋರಾಟ ಮತ್ತು ಕಾಡಿನ ಬಿಡಾರದ ದಿನಗಳ ಬಗ್ಗೆ ತಮ್ಮದೇ ಇನ್ನು ಭಾಷೆಯಲ್ಲಿ ಬರೆದಿಟ್ಟ ಡೈರಿ 2019ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ಅಜ್ಜಿ ಹೇಳಿದ್ದು ಒಂದೇ ಮಾತು: “ಡೇರೆಯಲ್ಲಿ ಎಲ್ಲರೂ ಮಲಗಿದ ಮೇಲೆ ಬರೆಯಬೇಕು. ಬೇರೆ ಹೊತ್ತು ಎಲ್ಲಿದೆ?”

ಭಾನುವಾರ: ಗ್ರ್ಯಾಂಡ್ ಲೇಕ್

ಬೆಳಿಗ್ಗೆ ಆರಕ್ಕೇ ಹೊರಡಬೇಕೆಂದು ದೋಣಿಯವನ ಕಟ್ಟಪ್ಪಣೆ. ಅವನ ಅಜ್ಜ ಇದೇ ಸರೋವರದ ಆಚೆಗೆ ಬೋನು ಹಾಕಿ ಚಳಿಗಾಲ ಕಳೆಯುತ್ತಿದ್ದವರಂತೆ. ಪುಟ್ಟ ಕೆರೆಯೊಂದನ್ನು ದಾಟಿ ಗ್ರ್ಯಾಂಡ್ ಲೇಕ್ ತೆರೆದುಕೊಂಡಾಗ ನೀರು ಕನ್ನಡಿ. ಎರಡೂ ಕಡೆ ನೇರವಾಗಿ ನೀರಿಗಿಳಿದ ಗುಡ್ಡಗಳು, ಅವುಗಳ ಮೈಮೇಲೆ ಸ್ಪ್ರೂಸ್, ನಡುನಡುವೆ ಬರ್ಚ್ ಮರಗಳ ತಿಳಿ ಹಸಿರು. ಚಹಾಕ್ಕೆಂದು ಒಂದು ಮರಳು ದಿಬ್ಬದಲ್ಲಿ ಇಳಿದಾಗ ಅವನು ಪಶ್ಚಿಮಕ್ಕೆ ಕೈ ತೋರಿಸಿ 1903ರ ಕಥೆ ಹೇಳಿದ. ಲಿಯೊನಿಡಸ್ ಹೋಗಬೇಕಾಗಿದ್ದದ್ದು ನಸ್ಕಾಪಿ ನದಿಯಲ್ಲಿ. ಅದರ ಬಾಯಿ ಸರೋವರದ ಕೊನೆಗಿಂತ ಮೊದಲೇ, ದ್ವೀಪವೊಂದರ ಮರೆಯಲ್ಲಿ, ಬದಿಯ ಕೊಲ್ಲಿಯೊಳಗಿದೆ. ಅವನ ಕೈಯಲ್ಲಿದ್ದ ನಕ್ಷೆಯಲ್ಲಿ ಸರೋವರಕ್ಕೆ ಬಂದು ಸೇರುವುದು ಒಂದೇ ನದಿ. ಆದ್ದರಿಂದ ನೆಟ್ಟಗೆ ತುದಿಯವರೆಗೆ ಹೋಗಿ, ಅಲ್ಲಿ ಕಂಡ ಸೂಸನ್ ಎಂಬ ಕಲ್ಲುಗಂಡಿಯ ಹಳ್ಳವನ್ನೇ ನದಿಯೆಂದು ಹತ್ತಿದ. ಹತ್ತಿದಷ್ಟೂ ನೀರು ಕಡಿಮೆ, ದೋಣಿಯನ್ನು ನೀರು ಹೊರುವುದರ ಬದಲು ಜನ ದೋಣಿ ಹೊರುವಂತಾಯಿತು. ಅಕ್ಟೋಬರ್ 18ರಂದು ಡೈರಿಯ ಕೊನೆಯ ಪುಟ ಬರೆದ. “ನಕ್ಷೆ ಬರೆದವರಾರೂ ಇಲ್ಲಿಗೆ ಬಂದಿರಲಿಲ್ಲ. ಕೇಳಿದ್ದಿದ್ದರೆ ನಮ್ಮ ಊರಿನ ಯಾವ ಹುಡುಗನೂ ಹೇಳುತ್ತಿದ್ದ” ಎಂದ ದೋಣಿಯವನು.

ಚಹಾದ ನೀರು ಕುದಿಯುವಷ್ಟರಲ್ಲಿ ಬ್ಲ್ಯಾಕ್ ಫ್ಲೈ ಎಂಬ ಕಪ್ಪು ನುಸಿಗಳು ಬಂದವು. ಉಂಬಳಕ್ಕೆ ಸುಣ್ಣ ತಂಬಾಕು ಹಚ್ಚಿಕೊಂಡು ಅಡಿಕೆ ತೋಟಕ್ಕಿಳಿಯುವ ಮಲೆನಾಡಿನವಳಾದ ನನಗೂ ಇವು ಹೊಸ ಪಾಠ. ಉಂಬಳ ಕಾಲಿನಿಂದ ಹತ್ತುತ್ತದೆ, ಇವು ಕೂದಲಿನ ಅಂಚಿನಿಂದ, ಕಿವಿಯ ಹಿಂದಿನಿಂದ, ಅಂಗಿಯ ಕಾಲರಿನ ಒಳಗಿನಿಂದ ಬರುತ್ತವೆ. ಕಚ್ಚಿದ್ದು ಗೊತ್ತಾಗುವುದು ರಕ್ತ ಇಳಿದ ಮೇಲೆಯೇ. ಮುಖದ ಬಲೆಯನ್ನು ಎರಡು ನಿಮಿಷ ಮೇಲೆತ್ತಿದ್ದಕ್ಕೆ ಮಗಳ ಎಡಗಿವಿ ಊದಿ ಕೆಂಪಗಾಯಿತು. ಸೆಟ್ರಿಜಿನ್ ಕೊಟ್ಟು, ಸರೋವರದ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಒತ್ತಿ ಹಿಡಿದೆ. ಈ ಕಡೆ ಬರುವವರು ಅಲರ್ಜಿಯ ಮಾತ್ರೆಯನ್ನು ಮರೆಯಬಾರದು. ಗಾಢ ನೀಲಿ, ಕಪ್ಪು ಬಟ್ಟೆಯನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು, ನುಸಿಗಳಿಗೆ ಅದೇ ಇಷ್ಟ. ಮಿನಾಳೂ ಕಪ್ಪು ಬಲೆಯ ಮುಸುಕು ಹಾಕಿಕೊಂಡಿದ್ದಳು. ಆಕೆಯ ಸಾಮಾನಿನ ಪಟ್ಟಿ ಓದಿದರೆ ಒಬ್ಬ ನರ್ಸ್ ಮೂಟೆ ಕಟ್ಟಿದ್ದು ಎಂಬುದು ಮುಚ್ಚಿಡಲಾಗದು: ಗಾಳಿ ತುಂಬುವ ಹಾಸಿಗೆ, ಗರಿ ತುಂಬಿದ ದಿಂಬು, ಬಿಸಿನೀರಿನ ಚೀಲ. ಅವುಗಳ ಪಕ್ಕದಲ್ಲಿಯೇ ರಿವಾಲ್ವರ್, ಬೇಟೆಯ ಚಾಕು, ಕ್ಯಾಮೆರಾಗಳು, ಸೂರ್ಯನ ಎತ್ತರ ಅಳೆಯುವ ಸೆಕ್ಸ್‌ಟೆಂಟ್.

ನಾವು ನಸ್ಕಾಪಿಯ ಬಾಯಿಯನ್ನು ಮುಟ್ಟಲಿಲ್ಲ. ಹತ್ತೂವರೆಗೆ ಪಶ್ಚಿಮದ ಗಾಳಿ ಎದ್ದಿತು. ಕನ್ನಡಿಯಂತಿದ್ದ ನೀರಿನ ಮೇಲೆ ಅರ್ಧ ಗಂಟೆಯಲ್ಲಿ ಬಿಳಿ ನೊರೆಯ ಅಲೆಗಳು. ದೋಣಿಯವನು ಒಂದು ಮಾತನ್ನೂ ಆಡದೆ ಮೂತಿಯನ್ನು ಹಿಂದಕ್ಕೆ ತಿರುಗಿಸಿದ. ನಾನು ನಿರಾಸೆಯಿಂದ, ಇನ್ನೆಷ್ಟು ದೂರವಿತ್ತು ಎಂದು ಕೇಳಿದ್ದಕ್ಕೆ, “ಹಣ ಅರ್ಧವೇ ಕೊಡಿ. ಮಗುವನ್ನು ಕೂರಿಸಿಕೊಂಡು ಈ ಗಾಳಿಗೆ ನಾನು ಹೋಗುವುದಿಲ್ಲ” ಎಂದ. ಮೈಯೆಲ್ಲ ಒದ್ದೆಯಾಗಿ ಹಿಂದಿರುಗುವಾಗ ಮಿನಾಳ ಪುಸ್ತಕದ ಒಂದು ಪ್ರಸಂಗ ಬೇರೆಯೇ ರೀತಿಯಲ್ಲಿ ಅರ್ಥವಾಯಿತು. ಆ ನಾಲ್ವರೂ ಆಕೆಯನ್ನು ಒಂಟಿಯಾಗಿ ಎಲ್ಲಿಗೂ ಬಿಡುತ್ತಿರಲಿಲ್ಲ. ಒಂದು ದಿನ ಅವರ ಕಣ್ಣು ತಪ್ಪಿಸಿ ಗುಡ್ಡ ಹತ್ತಿ, ಅವರು ಹುಡುಕಿ ಗಾಬರಿಯಾಗುವುದನ್ನು ಮೊದಲು ತಮಾಷೆಯಾಗಿಯೇ ನೋಡುತ್ತಾಳೆ. ಆದರೆ ಸಿಕ್ಕಿದಾಗ ಅವರ ಮುಖ ನೋಡಿ ಆಕೆಗೆ ತಿಳಿಯುತ್ತದೆ: ಆಕೆಗೇನಾದರೂ ಆದರೆ ಆ ನಾಲ್ವರು ಊರಿಗೆ ಮುಖ ತೋರಿಸುವಂತಿರಲಿಲ್ಲ. ಬಿಳಿಯ ಯಜಮಾನಿಯೊಬ್ಬಳು ಕಾಡಿನಲ್ಲಿ ಸತ್ತು, ಜೊತೆಗಿದ್ದ ಆದಿವಾಸಿಗಳು ಬದುಕಿ ಬಂದರೆ ಯಾರು ನಂಬುತ್ತಿದ್ದರು? ಧೈರ್ಯವಂತೆ ಎಂದು ಆಕೆಯನ್ನು ಹೊಗಳುವವರು ಈ ನಾಲ್ವರ ಭಯದ ಲೆಕ್ಕವನ್ನು ಬಿಡುತ್ತಾರೆ. ಆಕೆ ಬಿಡಲಿಲ್ಲ, ತನಗೆ ಶೋಭೆ ತರದ ಆ ಘಟನೆಯನ್ನೂ ಬರೆದಳು.

ಸೋಮವಾರ: ಮಡ್ ಲೇಕ್

ಪೆಟ್ಟಿಗೆ ಬಂದಿತ್ತು, ಮಗಳ ಕಿವಿ ಇಳಿದಿತ್ತು. ಗೂಸ್ ಬೇಯ ಆಚೆ ಚರ್ಚಿಲ್ ನದಿಯನ್ನು ದಾಟಿದರೆ ಮಡ್ ಲೇಕ್. ರಸ್ತೆಯಿಲ್ಲದ ಪುಟ್ಟ ಹಳ್ಳಿ, ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಸ್ನೋಮೊಬೈಲ್. 2017ರ ಮೇ ತಿಂಗಳಲ್ಲಿ ಒಡೆದ ಹಿಮಗಡ್ಡೆಗಳು ನದಿಗೆ ಅಡ್ಡ ನಿಂತು ನೀರು ಉಕ್ಕಿ ಊರನ್ನೇ ಖಾಲಿ ಮಾಡಿಸಬೇಕಾಯಿತು. ತೊರೆಯ ಎರಡೂ ಬದಿಗೆ ಮನೆಗಳು, ಮನೆಗೊಂದು ದೋಣಿ, ಬಟ್ಟೆ ಒಣಹಾಕಿದ ಹಗ್ಗಗಳು. ಇಲ್ಲಿಗೆ ಬಂದದ್ದು ಎಲಿಜಬೆತ್ ಗೌಡೀ ಅವರಿಗಾಗಿ. 1902ರಲ್ಲಿ ಇಲ್ಲಿ ಹುಟ್ಟಿದ ಅವರು ಓದಿದ್ದು ನಾಲ್ಕನೆಯ ತರಗತಿಯಷ್ಟೇ. ಎಳೆಯ ವಯಸ್ಸಿನಲ್ಲಿ ನಾರ್ತ್ ವೆಸ್ಟ್ ರಿವರ್‌ನ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ತುಪ್ಪಳ ಬೇಟೆಗಾರನನ್ನು ಮದುವೆಯಾದರು. ಗಂಡ ಶರತ್ಕಾಲದಲ್ಲಿ ಒಳನಾಡಿಗೆ ಹೊರಟರೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಸೌದೆ, ನೀರು, ಬೇಟೆ, ಮಕ್ಕಳ ಕಾಯಿಲೆ ಎಲ್ಲಕ್ಕೂ ಮನೆಯಲ್ಲಿ ಅವರೊಬ್ಬರೇ. ಡಾಕ್ಟರರೂ ಅವರೇ, ನರ್ಸೂ ಅವರೇ. 1963ರಲ್ಲಿ ಗಂಡ ತೀರಿಕೊಂಡ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಅದನ್ನೆಲ್ಲ ನೋಟ್‌ಬುಕ್ಕುಗಳಲ್ಲಿ ಬರೆಯಲು ಕುಳಿತರು. ಪುಸ್ತಕ ಬಂದದ್ದು 1973ರಲ್ಲಿ. ಎರಡು ವರ್ಷಗಳ ಬಳಿಕ ಮೆಮೋರಿಯಲ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಮಿನಾ ಎರಡು ತಿಂಗಳ ಕಾಡನ್ನು ಬರೆದಳು, ಗೌಡೀ ಒಂದು ಜೀವಮಾನದ ಕಾಡನ್ನು ಬರೆದರು. ಓದುವವಳಾಗಿ ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಮಿನಾಳಲ್ಲಿ ನೋಟದ ಹರಿತವಿದೆ. ಗೌಡೀಯವರಲ್ಲಿ ಹಿಟ್ಟು ಎಷ್ಟು ದಿನಕ್ಕೆ ಬರುತ್ತದೆ ಎಂಬ ಲೆಕ್ಕವಿದೆ. ಕಾಡಿನ ಜೀವನದಲ್ಲಿ ಸೌಂದರ್ಯಕ್ಕಿಂತ ಮೊದಲು ಬರುವುದು ಹಿಟ್ಟಿನ ಲೆಕ್ಕವೇ ಅಲ್ಲವೇ? ತೊರೆಯ ಬದಿಯಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಒಬ್ಬರು ನಮ್ಮನ್ನು ಮನೆಗೆ ಕರೆದು ಟೌಟನ್ ಕೊಟ್ಟರು, ಬ್ರೆಡ್ಡಿನ ಹಿಟ್ಟನ್ನು ಕೊಬ್ಬಿನಲ್ಲಿ ಕರಿದು ಕಾಕಂಬಿ ಸುರಿದ ತಿಂಡಿ. ಕ್ಯಾರಿಬೂ ಎಂಬ ಹಿಮಸಾರಂಗದ ಮಾಂಸ ಸಿಗುತ್ತದೆಯೇ ಎಂದು ಪತಿ ಕೇಳಿದ್ದಕ್ಕೆ ಅವರು ತಲೆಯಾಡಿಸಿದರು. 1990ರ ದಶಕದಲ್ಲಿ ಏಳೆಂಟು ಲಕ್ಷವಿದ್ದ ಜಾರ್ಜ್ ನದಿಯ ಹಿಮಸಾರಂಗ ಹಿಂಡು ಈಗ ಹತ್ತು ಸಾವಿರಕ್ಕೂ ಕಡಿಮೆ. ಲ್ಯಾಬ್ರಡಾರ್‌ನಲ್ಲಿ 2013ರಿಂದ ಅದರ ಬೇಟೆಗೆ ನಿಷೇಧವಿದೆ. ಮಿನಾ ಕಂಡದ್ದು ಗುಡ್ಡದ ಮೈ ಪೂರ್ತಿ ಚಲಿಸುತ್ತಿದ್ದ, ನೀರಿಗಿಳಿದು ಸರೋವರ ದಾಟುತ್ತಿದ್ದ ಇದೇ ಹಿಂಡನ್ನು. ಅದನ್ನು ಬರೆದ ಪುಟಗಳು ಈಗ ವನ್ಯಜೀವಿ ದಾಖಲೆಯೂ ಹೌದು.

ಮಂಗಳವಾರ: ಟ್ರಾನ್ಸ್–ಲ್ಯಾಬ್ರಡಾರ್ ಹೆದ್ದಾರಿ

ಗೂಸ್ ಬೇಯಿಂದ ಚರ್ಚಿಲ್ ಫಾಲ್ಸ್‌ಗೆ ಸುಮಾರು 290 ಕಿಲೋಮೀಟರ್. ನಡುವೆ ಪೆಟ್ರೋಲ್ ಇಲ್ಲ, ಊರಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಟ್ಯಾಂಕ್ ತುಂಬಿಸಿ, ಹೆಚ್ಚುವರಿ ಟೈರನ್ನು ತಟ್ಟಿ ನೋಡಿ, ಚಟ್ನಿಪುಡಿ ಹಚ್ಚಿದ ಬ್ರೆಡ್ಡು ಕಟ್ಟಿಕೊಂಡು, ಹೊರಟ ಸಮಯವನ್ನು ಹೋಟೆಲಿನವರಿಗೆ ತಿಳಿಸಿ ಹೊರಟೆವು. ಈ ಹೆದ್ದಾರಿ ಬಹುಕಾಲ ಜಲ್ಲಿಯ ರಸ್ತೆಯಾಗಿತ್ತು. ಡಾಂಬರು ಹಾಕುವ ಕೆಲಸ ಕೊನೆಯ ತುಂಡಿನವರೆಗೆ ಮುಗಿದದ್ದು 2022ರಲ್ಲಿ. ಬೆಳಗಿನ ಮಂಜಿನಲ್ಲಿ ಕಾಡಿನ ನೆಲ ಬೆಳ್ಳಗೆ ಹೊಳೆಯುತ್ತಿತ್ತು. ಇಳಿದು ಮುಟ್ಟಿದರೆ ಹಿಮವಲ್ಲ, ಕ್ಯಾರಿಬೂಗಳು ಮೇಯುವ ಕಲ್ಲುಹೂವು. ಒಣಗಿದಾಗ ಕಾಲಿಗೆ ಸಿಕ್ಕರೆ ಹಪ್ಪಳದಂತೆ ಮುರಿಯುತ್ತದೆ, ಮತ್ತೆ ಬೆಳೆಯಲು ದಶಕಗಳೇ ಬೇಕು. ಆದ್ದರಿಂದ ಹಾಸುಬಂಡೆ ಇರುವಲ್ಲಿ ಮಾತ್ರ ಕಾಲಿಟ್ಟೆವು. ಎದುರಿನಿಂದ ಬಂದ ಲಾರಿಯ ಚಕ್ರ ಹಾರಿಸಿದ ಕಲ್ಲೊಂದು ಗಾಜಿಗೆ ಬಡಿದು ರಾಗಿಕಾಳಿನಷ್ಟು ಮಚ್ಚೆ ಬಿತ್ತು. ಆಮೇಲಿನ ದಾರಿಯುದ್ದಕ್ಕೂ ನನ್ನ ಪತಿಯ ಕಣ್ಣು ಕಾಡಿನ ಮೇಲಲ್ಲ, ಆ ಮಚ್ಚೆಯ ಮೇಲೆಯೇ ಇತ್ತು.

ಚರ್ಚಿಲ್ ಫಾಲ್ಸ್ ಹತ್ತಿರವಾದಂತೆ ಮರಗಳು ಕರಿಕಡ್ಡಿಗಳಾದವು. 2024ರ ಜೂನ್‌ನಲ್ಲಿ ಕಾಡ್ಗಿಚ್ಚು ನದಿಯನ್ನೇ ಹಾರಿ ಬಂದು ಇಡೀ ಊರನ್ನು ರಾತ್ರೋರಾತ್ರಿ ಖಾಲಿ ಮಾಡಿಸಿತ್ತು. ಇದು ವಿದ್ಯುತ್ ಕಂಪನಿಯ ಊರು. ಶಾಲೆ, ಅಂಗಡಿ, ಗ್ರಂಥಾಲಯ, ಹೋಟೆಲು ಎಲ್ಲವೂ ಒಂದೇ ಸೂರಿನಡಿ. ಚಳಿಗಾಲದ ಮೈನಸ್ ಮೂವತ್ತರಲ್ಲಿ ಯಾರೂ ಹೊರಗೆ ಕಾಲಿಡಬೇಕಾಗದಂತೆ ಕಟ್ಟಿದ್ದಾರೆ.

ಬುಧವಾರ: ನೀರಿಲ್ಲದ ಜಲಪಾತ, ಮುಳುಗಿದ ಸರೋವರ

ಊರಿನ ಪಶ್ಚಿಮಕ್ಕೆ ಸೇತುವೆಯ ಬಳಿಯಿಂದ ಕಾಲುದಾರಿ ಹಿಡಿದರೆ ಜಲಪಾತದ ಎದುರಿನ ಬಂಡೆಗೆ ತಲುಪಬಹುದು. ಬೇಲಿಯಿಲ್ಲ, ಮಕ್ಕಳ ಕೈ ಹಿಡಿದೇ ಇರಬೇಕು. ಎಪ್ಪತ್ತೈದು ಮೀಟರ್ ಎತ್ತರದಿಂದ ಇಡೀ ನದಿ ಬೀಳುತ್ತಿದ್ದ ಜಾಗದಲ್ಲಿ ಈಗ ಒದ್ದೆ ಬಂಡೆ, ಅದರ ಮೇಲೊಂದು ಸಣ್ಣ ಧಾರೆ. ನೀರೆಲ್ಲ ಸುರಂಗದೊಳಗೆ ಇಳಿದು, ನೆಲದಡಿಯ ವಿದ್ಯುದಾಗಾರದ ಹನ್ನೊಂದು ಟರ್ಬೈನುಗಳನ್ನು ತಿರುಗಿಸುತ್ತದೆ. ಸಾಮರ್ಥ್ಯ 5,428 ಮೆಗಾವಾಟ್. ಆ ವಿದ್ಯುದಾಗಾರವನ್ನು ನೋಡಬೇಕಾದರೆ ಮೊದಲೇ ಹೇಳಿಟ್ಟಿರಬೇಕು. ಬೇಸಿಗೆಯ ಜೋಗವನ್ನು ನೋಡುತ್ತಾ ಬೆಳೆದ ನನಗೆ ಒಣ ಬಂಡೆ ಹೊಸತಲ್ಲ. ನನ್ನ ಅಜ್ಜಿಯ ತವರುಮನೆ ಇರುವುದು ಲಿಂಗನಮಕ್ಕಿಯ ಹಿನ್ನೀರಿನ ತಳದಲ್ಲಿ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಡೆಯವರೆಂಬ ಹೆಸರು ಹೊತ್ತು ಬಂದವರ ಮನೆಯಲ್ಲಿ ನಾನು ಹುಟ್ಟಿದ್ದು.

ಇಲ್ಲಿಯೂ ಮುಳುಗಡೆ ಆಗಿದೆ. ಎಂಬತ್ತೆಂಟು ಒಡ್ಡುಗಳನ್ನು ಕಟ್ಟಿ 1970ರ ದಶಕದ ಆರಂಭದಲ್ಲಿ ತುಂಬಿಸಿದ ಸ್ಮಾಲ್‌ವುಡ್ ಜಲಾಶಯ ಆರೂವರೆ ಸಾವಿರ ಚದರ ಕಿಲೋಮೀಟರ್ ಹರಡಿದೆ; ಅದರಡಿ ಹೋದವುಗಳಲ್ಲಿ ಮಿಶಿಕಮಾವು ಸರೋವರವೂ ಒಂದು, ಅದರ ದಡದ ಬಿಡಾರಗಳು, ಇನ್ನು ಜನರ ಗೋರಿಗಳು, ಬೇಟೆಯ ದಾರಿಗಳೂ ಸೇರಿವೆ. ಅವರನ್ನು ಕೇಳಿದವರಿರಲಿಲ್ಲ. ಲಿಯೊನಿಡಸ್ ದೂರದ ಗುಡ್ಡದಿಂದ ಕಂಡು, ತಲುಪಲಾರದೆ ಹಿಂದಿರುಗಿದ ಸರೋವರ ಅದು. ಮಿನಾ ಆಗಸ್ಟಿನ ಮೊದಲ ವಾರದಲ್ಲಿ ಅದರೊಳಗೆ ದೋಣಿ ಇಳಿಸಿದಳು. ನಾರ್ತ್ ವೆಸ್ಟ್ ಮತ್ತು ನಸ್ಕಾಪಿ ಬೇರೆ ಬೇರೆ ನದಿಗಳಲ್ಲ, ಸೀಲ್ ಲೇಕ್ ಮತ್ತು ಮಿಶಿಕಮಾವು ಒಂದೇ ಜಲಾನಯನಕ್ಕೆ ಸೇರಿದವು ಎಂಬುದನ್ನು ದಿನದಿನವೂ ಅಕ್ಷಾಂಶ ಅಳೆದು ಬರೆದ ಆಕೆಯ ನಕ್ಷೆ ತೋರಿಸಿಕೊಟ್ಟಿತು. ಅಮೆರಿಕನ್ ಜಿಯಾಗ್ರಾಫಿಕಲ್ ಸೊಸೈಟಿ ಅದನ್ನು ಒಪ್ಪಿತು. ಆ ಜಲಾನಯನವನ್ನೇ ಒಡ್ಡುಗಳು ಈಗ ತುಂಡರಿಸಿವೆ, ನಸ್ಕಾಪಿಗೆ ಹೋಗಬೇಕಾದ ಮೇಲ್ಭಾಗದ ನೀರು ಇತ್ತ ತಿರುಗಿದೆ. ನಕ್ಷೆ ಸರಿಯಾಗಿಯೇ ಇದೆ, ನದಿ ಬದಲಾಗಿದೆ.

ಜಲಾಶಯದ ಅಂಚಿನಲ್ಲಿ, ನೀರಿನಿಂದ ತಲೆ ಎತ್ತಿದ್ದ ಬೋಳು ಮರಗಳನ್ನು ನೋಡುತ್ತಾ, ಮಗಳಿಗೆ ಪುಸ್ತಕದ ಇನ್ನೊಂದು ಭಾಗವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮಿಶಿಕಮಾವು ದಾಟಿ ಜಾರ್ಜ್ ನದಿಗೆ ಇಳಿದ ಮೇಲೆ ಮಿನಾಳ ತಂಡ ಒಂದು ಇನ್ನು ಬಿಡಾರವನ್ನು ಕಾಣುತ್ತದೆ. ಗಂಡಸರು ಕರಾವಳಿಗೆ ವ್ಯಾಪಾರಕ್ಕೆ ಹೋಗಿದ್ದಾರೆ. ಹೆಂಗಸರು ದೂರದಿಂದಲೇ, ನಮಗೆ ಭಯ, ಹೊರಟುಹೋಗಿ ಎಂದು ಕೂಗುತ್ತಾರೆ. ಮಾತು ತಿಳಿದ ಮೇಲೆ ಭಯ ಕರಗುತ್ತದೆ. ಠಾಣೆಗೆ ಎಷ್ಟು ದೂರ ಎಂದು ಕೇಳಿದರೆ ಎರಡು ತಿಂಗಳು ಎನ್ನುತ್ತಾರೆ. ಹಡಗು ತಪ್ಪಿದರೆ ಚಳಿಗಾಲವೆಲ್ಲ ಅಲ್ಲಿಯೇ, ಹಿಂದಿರುಗಿದರೆ ಕೈಗೂಡಿದ್ದೆಲ್ಲ ವ್ಯರ್ಥ. ಮುಂದಿನ ಬಿಡಾರದಲ್ಲಿ ಅದೇ ಪ್ರಶ್ನೆಗೆ, ಬೇಗ ಹೋದರೆ ಐದು ರಾತ್ರಿ ಮಲಗಿದರೆ ಸಾಕು ಎಂಬ ಉತ್ತರ ಸಿಗುತ್ತದೆ. “ಮೊದಲಿನವರು ಸುಳ್ಳು ಹೇಳಿದರಾ ಅಮ್ಮಾ?” ಎಂದಳು ಮಗಳು. ಮಕ್ಕಳು, ಡೇರೆ, ಸಾಮಾನು ಕಟ್ಟಿಕೊಂಡು ಹೋಗುವವರಿಗೆ ಎರಡು ತಿಂಗಳೇ ಇದ್ದೀತು ಎಂದೆ. ಪತಿ ಗಾಜಿನ ಮಚ್ಚೆಯಿಂದ ಕಣ್ಣೆತ್ತಿ, ಸೇಂಟ್ ಜಾನ್ಸ್‌ನ ಮನೆಯಿಂದ ವಿಮಾನ ನಿಲ್ದಾಣಕ್ಕೆ ನಾವು ಹೊರಟ ಬಗೆಯನ್ನು ನೆನಪಿಸಿದರು.

ಗುರುವಾರ: ಹಿಂದಿರುಗುವ ದಾರಿ

ಗೂಸ್ ಬೇಗೆ ಮರಳಿ, ಬಾಡಿಗೆ ಕಾರಿನವರಿಗೆ ಗಾಜಿನ ಮಚ್ಚೆಯ ದಂಡ ತೆತ್ತು (ಇಲ್ಲಿ ಗಾಜಿನ ವಿಮೆಯನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು), ಕೈಚೀಲದಲ್ಲಿಟ್ಟಿದ್ದ ಬೇಕ್‌ಆಪಲ್ ಜಾಮಿನ ಬಾಟಲಿಯನ್ನು ತಪಾಸಣೆಯವರಿಗೆ ಒಪ್ಪಿಸಿ ವಿಮಾನ ಹತ್ತಿದೆವು. ಸೆಕ್ಯುರಿಟಿಯಾತ ನಿಜವಾದ ವಿಷಾದದಿಂದ, “ಪೆಟ್ಟಿಗೆಯಲ್ಲಿ ಹಾಕಬೇಕಿತ್ತು, ಈ ಸಲದ ಹಣ್ಣು ಬಹಳ ಚೆನ್ನಾಗಿದೆ” ಎಂದ.

ಪುಸ್ತಕ ಬಂದ 1908ರಲ್ಲಿಯೇ ಮಿನಾ ಇಂಗ್ಲೆಂಡಿನಲ್ಲಿ ಮರುಮದುವೆಯಾದಳು, ಮೂವರು ಮಕ್ಕಳಾದರು. ಕಾಡಿನ ಬಗ್ಗೆ ಇನ್ನೊಂದು ಪುಸ್ತಕ ಬರೆಯಲಿಲ್ಲ. ತಾಯ್ತನ ಲೇಖಕಿಯನ್ನು ನುಂಗಿತು ಎಂದು ಇದನ್ನು ಹೇಳಿ ಮರುಗುವುದು ಸುಲಭ, ನನಗೇನೋ ಹಾಗೆ ಕಾಣುವುದಿಲ್ಲ. ಆಕೆ ಬರೆದದ್ದು ನರ್ಸ್ ಬರೆಯುವ ರೀತಿಯಲ್ಲಿ: ಕಂಡದ್ದನ್ನು, ಕಂಡ ಹೊತ್ತಿನಲ್ಲಿ, ಅಳತೆಯೊಡನೆ. ಹಾಗೆ ಬರೆಯಲು ಎದುರಿಗೆ ಕಾಡು ಇರಬೇಕು. ಲಂಡನ್ನಿನ ಮನೆಯಲ್ಲಿ ಕುಳಿತು ನೆನಪಿನಿಂದ ಕಾಡನ್ನು ಹಿಗ್ಗಿಸುವವಳಲ್ಲ ಆಕೆ. 1936ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಕೆನಡಾಕ್ಕೆ ಬಂದು ಜಾರ್ಜ್ ಎಲ್ಸನ್‌ನ ಜೊತೆ ಮೂಸ್ ನದಿಯಲ್ಲಿ ಮತ್ತೊಮ್ಮೆ ದೋಣಿಯಲ್ಲಿ ಹೋದಳು. ಅದು ಯಾವ ಪುಸ್ತಕಕ್ಕಾಗಿಯೂ ಅಲ್ಲ.

ಕಳೆದ ವಾರ ಗ್ರ್ಯಾಂಡ್ ಲೇಕಿನ ದೋಣಿಯವನು ಸಂದೇಶ ಕಳಿಸಿದ್ದ: ಜೂನ್ ಕೊನೆಯಲ್ಲಿ ಬನ್ನಿ, ಹೊಳೆಯ ನೀರು ಹೆಚ್ಚಿರುತ್ತದೆ, ನಸ್ಕಾಪಿಯ ಬಾಯಿಯೊಳಗೆ ಎರಡು ತಾಸು ಹೋಗಬಹುದು, ಉಳಿದರ್ಧ ಹಣ ಆಗ ಕೊಟ್ಟರಾಯಿತು. ಜೂನ್ 27 ಹಿಡಿದು ಒಂದು ವಾರದ ರಜೆಗೆ ಅರ್ಜಿ ಹಾಕಿದ್ದೇನೆ. ಬೇಸಿಗೆಯ ಪಾಳಿ ಪಟ್ಟಿ ಇನ್ನೂ ಹೊರಬಿದ್ದಿಲ್ಲ, ಆ ವಾರಕ್ಕೆ ಇನ್ನೂ ಮೂವರು ಕಣ್ಣಿಟ್ಟಿದ್ದಾರಂತೆ.